ದೈವಶಾಸ್ತ್ರ ಓದಲು ಹೊರಟವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಧಾರ್ಮಿಕ ಸೇವೆಗೆ ಹೋಗುವವರು ಓದುವ ಪದವಿಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿದ್ದೇವೆ. ಒಂದೇ ಪ್ರಶ್ನೆಯನ್ನು ನಾಲ್ಕಾರು ಜನ ಕೇಳಿದ್ದಲ್ಲಿ ಒಂದಾಗಿ ಸೇರಿಸಿದ್ದೇವೆ.

ಮಗ ದ್ವಿತೀಯ ಪಿಯುಸಿಯಲ್ಲಿದ್ದಾನೆ. ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಸಭಾಪಾಲಕನೇ ಆಗಬೇಕು ಎಂದು ಹಟ ಹಿಡಿದಿದ್ದಾನೆ. ನೇರ ಬಿ.ಡಿ.ಗೆ (ದೈವಶಾಸ್ತ್ರದ ಪದವಿ, ಬ್ಯಾಚಲರ್ ಆಫ್ ಡಿವಿನಿಟಿ) ಸೇರಿಸುವುದೋ, ಮೊದಲು ಬಿ.ಎ. ಮಾಡಿಸುವುದೋ? — ಒಬ್ಬ ತಾಯಿ, ಗದಗ

ಮೊದಲು ಬಿ.ಎ. ಮಾಡಿಸಿ. ಬಿ.ಕಾಂ., ಬಿ.ಎಸ್ಸಿ. ಆದರೂ ಸರಿಯೇ.

ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್, ಅಂದರೆ ಹಲವು ಕ್ರೈಸ್ತ ದೈವಶಾಸ್ತ್ರ ಕಾಲೇಜುಗಳಿಗೆ ಪದವಿ ಕೊಡುವ ಮಂಡಳಿ, ನಡೆಸುವ ಬಿ.ಡಿ. ಕೋರ್ಸು ಪದವೀಧರರಿಗೆ 4 ವರ್ಷ, ಪಿಯುಸಿ ಮುಗಿಸಿ ಬಂದವರಿಗೆ 5 ವರ್ಷ. ಬಿ.ಎ. ಮುಗಿಸಿ ಹೋದರೆ ಒಟ್ಟು 7 ವರ್ಷ, ನೇರ ಹೋದರೆ 5. ಈ ಎರಡು ವರ್ಷದ ಉಳಿತಾಯವೇ ಎಲ್ಲರ ಕಣ್ಣಿಗೆ ಬೀಳುವುದು. ಅದಕ್ಕೆ ಏನು ತೆರಬೇಕಾಗುತ್ತದೆ ಎಂಬುದನ್ನು ಯಾರೂ ಕೂತು ಲೆಕ್ಕ ಹಾಕುವುದಿಲ್ಲ.

ಸೆರಾಂಪುರ ಕಾಲೇಜು ಶುರುವಾದದ್ದು 1818ರಲ್ಲಿ. ಪದವಿ ಕೊಡುವ ಅಧಿಕಾರ ಅದಕ್ಕೆ ಬಂದದ್ದು 1827ರಲ್ಲಿ ಡೆನ್ಮಾರ್ಕಿನ ದೊರೆ ಕೊಟ್ಟ ಸನ್ನದಿನಿಂದ. ಆಮೇಲೆ 1918ರ ಸೆರಾಂಪುರ ಕಾಲೇಜು ಕಾಯಿದೆ ಅದನ್ನು ಗಟ್ಟಿ ಮಾಡಿ ಸೆನೆಟ್ಟನ್ನು ರಚಿಸಿತು. ಹಾಗಾಗಿ ಬಿ.ಡಿ. ಕಾನೂನಿನ ಬುಡವಿರುವ ಪದವಿಯೇ. ಸಿಎಸ್‌ಐಯಂಥ ಸಭೆಗಳು ಅದನ್ನು ಒಪ್ಪುತ್ತವೆ. ಆದರೆ ಬಿ.ಡಿ. ಹಿಡಿದುಕೊಂಡು ವಿಶ್ವವಿದ್ಯಾಲಯವೊಂದರ ಎಂ.ಎ.ಗೋ, ಬಿ.ಎಡ್.ಗೋ, ಸರ್ಕಾರಿ ನೇಮಕಾತಿಗೋ ಅರ್ಜಿ ಹಾಕಿದಾಗ, ಅದು ಬಿ.ಎ.ಗೆ ಸಮವೇ ಎಂದು ತೀರ್ಮಾನಿಸುವವರು ಆಯಾ ವಿಶ್ವವಿದ್ಯಾಲಯದವರು, ಇಲಾಖೆಯವರು. ಒಬ್ಬರು ಹೂಂ ಅಂದರೆ ಇನ್ನೊಬ್ಬರು ಊಹೂಂ ಅನ್ನಬಹುದು. ಕೈಯಲ್ಲೊಂದು ಬಿ.ಎ. ಇದ್ದರೆ ಆ ಮಾತೇ ಏಳುವುದಿಲ್ಲ.

ವಯಸ್ಸಿನ ಮಾತೂ ಇದೆ. ನೇರ ಸೇರಿದ ಹುಡುಗ 23ಕ್ಕೆ ಓದು ಮುಗಿಸಿ ಒಂದು ಸಭೆಯ ಹೊಣೆ ಹೊರಬೇಕು: ಸಾವಿನ ಮನೆ, ಆಸ್ತಿ ಜಗಳ, ಮುರಿದು ಬೀಳುತ್ತಿರುವ ಮದುವೆ ಎಲ್ಲಕ್ಕೂ ಅವನನ್ನೇ ಕರೆಯುತ್ತಾರೆ. ಎರಡು ವರ್ಷ ತಡವಾದರೆ ನಷ್ಟವೇನಿಲ್ಲ.

ಇದಕ್ಕಿಂತ ದೊಡ್ಡ ಎಡವಟ್ಟು ಆಗುವುದು ಕಾಲೇಜಿಗೆ ಅರ್ಜಿ ಹಾಕುವ ಕ್ರಮದಲ್ಲಿ. ಬಿ.ಡಿ. ಆದ ಮಾತ್ರಕ್ಕೆ ಅಭಿಷೇಕ, ಅಂದರೆ ಸಭಾಪಾಲಕನಾಗಿ ದೀಕ್ಷೆ, ಆಗುವುದಿಲ್ಲ. ಅಭಿಷೇಕ ಕೊಡುವುದು ಡಯಾಸಿಸ್, ಅಂದರೆ ಬಿಷಪ್ಪರ ಕೈಕೆಳಗಿನ ಸಭಾಪ್ರಾಂತ್ಯ. ಆದ್ದರಿಂದ ಮೊದಲು ನಿಮ್ಮ ಸಭಾಪಾಲಕರು ಮತ್ತು ಪ್ಯಾಸ್ಟೊರೇಟ್ (ಸ್ಥಳೀಯ ಸಭೆ) ಸಮಿತಿಯ ಶಿಫಾರಸು ಪತ್ರ. ಅದರ ಮೇಲೆ ಡಯಾಸಿಸ್‌ನ ಆಯ್ಕೆ ಮತ್ತು ಸಂದರ್ಶನ. ಡಯಾಸಿಸ್ ತನ್ನ ಅಭ್ಯರ್ಥಿ ಎಂದು ಪತ್ರ ಕೊಟ್ಟ ಮೇಲೆ ಕಾಲೇಜಿನ ಪ್ರವೇಶ ಪರೀಕ್ಷೆ. ಗದಗ ಕಡೆಯವರಿಗೆ ಉತ್ತರ ಕರ್ನಾಟಕ ಡಯಾಸಿಸ್, ಕಚೇರಿ ಧಾರವಾಡದಲ್ಲಿ. ಸ್ವತಂತ್ರ ಅಭ್ಯರ್ಥಿಯಾಗಿ ಸೇರಿ, ಓದೆಲ್ಲ ಮುಗಿದ ಮೇಲೆ ಡಯಾಸಿಸ್ ಬಾಗಿಲು ತಟ್ಟಿದವರಿಗೆ ‘ಈ ವರ್ಷ ನಮಗೆ ಬೇಕಾಗಿರುವುದು ಇಬ್ಬರೇ’ ಎಂಬ ಉತ್ತರ ಬಂದರೆ ಕಾಲೇಜಿನವರು ಏನೂ ಮಾಡಲಾರರು.

ಕಾಲೇಜು ಯಾವುದು ಎಂದೂ ಕೇಳಿದ್ದೀರಿ. ಕನ್ನಡದಲ್ಲಿ ಓದಬೇಕಾದರೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು. ಇಂಗ್ಲಿಷಿನಲ್ಲಾದರೆ 1910ರಲ್ಲಿ ಶುರುವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು. ಹಳ್ಳಿ ಸಭೆಗಳಲ್ಲಿ ಕನ್ನಡದಲ್ಲೇ ಪ್ರಸಂಗ ಮಾಡುವವನಿಗೆ ಮಂಗಳೂರೇ ಮೇಲು ಎಂಬುದು ನಮ್ಮ ಅಭಿಪ್ರಾಯ: ಇಂಗ್ಲಿಷಿನಲ್ಲಿ ಕಲಿತ ಪರಿಕಲ್ಪನೆಯನ್ನು ಪೀಠದ ಮೇಲೆ ನಿಂತು ಅನುವಾದಿಸುವ ಪಾಡು ತಪ್ಪುತ್ತದೆ. ಮುಂದೆ ಎಂ.ಟಿಎಚ್. (ದೈವಶಾಸ್ತ್ರದ ಸ್ನಾತಕೋತ್ತರ ಪದವಿ) ಮಾಡುವ ಯೋಚನೆ ಇದ್ದರೆ ಮೊದಲ ವರ್ಷದಿಂದಲೇ ಇಂಗ್ಲಿಷ್ ಪುಸ್ತಕಗಳನ್ನು ಓದುವ ರೂಢಿ ಇಟ್ಟುಕೊಳ್ಳಲಿ. ಆ ಎರಡು ವರ್ಷದ ಓದು, ಪ್ರಬಂಧ ನಡೆಯುವುದು ಇಂಗ್ಲಿಷಿನಲ್ಲಿ.

ಮೂರು ಕಡೆಯಿಂದ ಪ್ರಾಸ್ಪೆಕ್ಟಸ್ ತರಿಸಿದೆ. ಮೂರರಲ್ಲೂ ‘ಬಿ.ಟಿಎಚ್.’ (ಬ್ಯಾಚಲರ್ ಆಫ್ ಥಿಯಾಲಜಿ) ಅಂತಲೇ ಇದೆ. ಹಾಗಾದರೆ ಹತ್ತಿರ ಇರುವ ಕಾಲೇಜಿಗೇ ಸೇರಬಹುದಲ್ಲವೇ? — ಶಿವಮೊಗ್ಗದ ಓದುಗ

ಹೆಸರು ಒಂದೇ ಆದರೂ ಪದವಿ ಒಂದೇ ಅಲ್ಲ. ಸೆರಾಂಪುರ ಸೆನೆಟ್‌ನ ಬಿ.ಟಿಎಚ್. ಎಂದರೆ ಬಿ.ಡಿ.ಗಿಂತ ಒಂದು ಮೆಟ್ಟಿಲು ಕೆಳಗಿನದು. ಅದು ಮುಗಿದ ಮೇಲೆ ಮತ್ತೆ 2 ವರ್ಷ ಓದಿ ಬಿ.ಡಿ. ಪಡೆಯಬಹುದು. ಕಥೋಲಿಕರ ಪೊಂಟಿಫಿಕಲ್, ಅಂದರೆ ರೋಮಿನ ಪೋಪರ ಮಾನ್ಯತೆಯ, ಸಂಸ್ಥೆಗಳಲ್ಲಿ ಬಿ.ಟಿಎಚ್. ಎಂದರೆ ತತ್ತ್ವಶಾಸ್ತ್ರ ಮುಗಿಸಿದವರು ಮಾಡುವ ದೈವಶಾಸ್ತ್ರದ ಮೊದಲ ಹಂತ. ಅದರ ಮೇಲೆ 2 ವರ್ಷದ ಲೈಸೆನ್ಷಿಯೇಟ್ (ಸ್ನಾತಕೋತ್ತರ ಹಂತ), ಆಮೇಲೆ ಡಾಕ್ಟರೇಟ್. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲೂ ಬಿ.ಟಿಎಚ್. ಇದೆ, ಅದು ಇಸ್ಲಾಮಿ ಧರ್ಮಶಾಸ್ತ್ರದ್ದು. ಸುನ್ನಿ, ಶಿಯಾ ಎಂದು ಎರಡು ವಿಭಾಗ. ಇವು ಮೂರೂ ಅಲ್ಲದೆ, ಎರಡು ಕೋಣೆಯ ಬಾಡಿಗೆ ಕಟ್ಟಡದಲ್ಲಿ ನಡೆಯುವ ‘ಬೈಬಲ್ ಯೂನಿವರ್ಸಿಟಿ’ಗಳ ಬಿ.ಟಿಎಚ್. ಇನ್ನೊಂದು ಇದೆ.

ಪ್ರಾಸ್ಪೆಕ್ಟಸ್ ಬಂದಾಗ ಮುಖಪುಟ ಬಿಡಿ. ಸರ್ಟಿಫಿಕೇಟಿಗೆ ಕೊನೆಗೆ ಸಹಿ ಹಾಕುವವರು ಯಾರು ಎಂದು ಹುಡುಕಿ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯಿದೆ 1956ರ 22ನೇ ಕಲಂ ಪ್ರಕಾರ ಪದವಿ ಕೊಡುವ ಹಕ್ಕಿರುವುದು ಕಾಯಿದೆಯಿಂದ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ, ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಮತ್ತು ಸಂಸತ್ತು ಕಾಯಿದೆ ಮಾಡಿ ಅಧಿಕಾರ ಕೊಟ್ಟ ಸಂಸ್ಥೆಗೆ. ‘ಸರ್ಕಾರದಿಂದ ನೋಂದಾಯಿತ’ ಎಂಬ ಸಾಲು ಕಂಡರೆ ನೋಂದಣಿ ಯಾವ ಕಾಯಿದೆಯಡಿ ಎಂದು ಕೇಳಿ. ಸಾಮಾನ್ಯವಾಗಿ ಅದು ಸೊಸೈಟಿ ಅಥವಾ ಟ್ರಸ್ಟ್ ನೋಂದಣಿ. ಯುವಕ ಸಂಘವೂ ಹಾಗೆಯೇ ನೋಂದಣಿಯಾಗಿರುತ್ತದೆ. ಅದರಿಂದ ಪದವಿ ಕೊಡುವ ಅಧಿಕಾರ ಬರುವುದಿಲ್ಲ.

ಏಷ್ಯಾ ಥಿಯಲಾಜಿಕಲ್ ಅಸೋಸಿಯೇಷನ್, ಅಂದರೆ ಎಟಿಎ ಮಾನ್ಯತೆಯ ಕಾಲೇಜುಗಳು ಬೇರೆ ಜಾತಿಯವು. ಎಟಿಎ 1970ರಿಂದ ಇದೆ. ಗ್ರಂಥಾಲಯ, ಅಧ್ಯಾಪಕರ ಅರ್ಹತೆ, ಪಠ್ಯಕ್ರಮ ಎಲ್ಲ ಪರಿಶೀಲಿಸಿಯೇ ಮಾನ್ಯತೆ ಕೊಡುತ್ತದೆ. ಓದಿನ ಗುಣಮಟ್ಟಕ್ಕೆ ಅದು ಒಳ್ಳೆಯ ಗುರುತು. ಆದರೆ ಎಟಿಎ ಮಾನ್ಯತೆ ಎಂದರೆ ಯುಜಿಸಿ ಮಾನ್ಯತೆ ಅಲ್ಲ. ನಿಮ್ಮ ಸಭೆ ಎಟಿಎ ಕಾಲೇಜಿನ ಎಂ.ಡಿವ್. (ಮಾಸ್ಟರ್ ಆಫ್ ಡಿವಿನಿಟಿ) ಒಪ್ಪುವುದಾದರೆ ನಿಶ್ಚಿಂತೆಯಿಂದ ಸೇರಿ. ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳುವ ಆಸೆ ಇದ್ದರೆ ಆ ಒಂದೇ ಪದವಿಯನ್ನು ನೆಚ್ಚಿಕೊಳ್ಳಬೇಡಿ.

ಪರೀಕ್ಷಿಸುವ ಕೆಲಸ ಒಂದು ದಿನದ್ದು. ಸೆನೆಟ್‌ಗೆ ಸೇರಿದ ಕಾಲೇಜು ಎಂದಿದ್ದರೆ ಸೆನೆಟ್‌ನ ಪಟ್ಟಿಯಲ್ಲಿ ಹೆಸರು ನೋಡಿ. ಕಾಲೇಜಿಗೆ ಮಾನ್ಯತೆ ಇದ್ದರೆ ಸಾಲದು, ನೀವು ಸೇರುವ ಕೋರ್ಸಿಗೂ ಇರಬೇಕು, ಬಿ.ಟಿಎಚ್.ಗೆ ಮಾತ್ರ ಅನುಮತಿ ಇದ್ದು ಬಿ.ಡಿ.ಗೂ ಪ್ರವೇಶ ಕೊಡುವವರಿದ್ದಾರೆ. ಕಳೆದ ವರ್ಷ ಮುಗಿಸಿದವರ ಅಂಕಪಟ್ಟಿಯ ನಕಲು ತೋರಿಸಿ ಎನ್ನಿ. ಯುಜಿಸಿ ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯ ಮೇಲೂ ಕಣ್ಣಾಡಿಸಿ. ‘ಅಂತರರಾಷ್ಟ್ರೀಯ ಮಾನ್ಯತೆ’ ಎಂದು ಬರೆದು ಮಾನ್ಯತೆ ಕೊಟ್ಟವರ ಹೆಸರು ಬರೆಯದಿದ್ದರೆ, ಅಥವಾ ಪ್ರಿನ್ಸಿಪಾಲರ ಹೆಸರಿನ ಹಿಂದೆ ಮೂರು ‘ಡಾ.’ ಇದ್ದರೆ, ಅಲ್ಲಿಂದ ಮರ್ಯಾದೆಯಾಗಿ ಹೊರಟುಬನ್ನಿ.

ಗ್ರೀಕ್, ಹೀಬ್ರೂ ಎಂದರೆ ಎದೆ ಧಸಕ್ಕೆನ್ನುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಪಾಸಾಗಬಹುದೇ? — ಬಿ.ಡಿ.ಗೆ ಸೇರಲಿರುವ ವಿದ್ಯಾರ್ಥಿ

ಗ್ರೀಕಿನ ಮಟ್ಟಿಗೆ ಕನ್ನಡ ಮಾಧ್ಯಮ ನಿಮಗೆ ಅನುಕೂಲವೇ. ಇಂಗ್ಲಿಷ್ ಮಾತ್ರ ಬಲ್ಲವನಿಗೆ ವಿಭಕ್ತಿ ಎಂದರೆ ಏನು ಎಂದು ತಿಳಿಸುವುದಕ್ಕೇ ಮೇಷ್ಟರಿಗೆ ಎರಡು ವಾರ ಬೇಕು. ನಿಮಗೆ ಅದು ಹುಟ್ಟಿನಿಂದ ಬಂದದ್ದು. ವಾಕ್ಯವು, ವಾಕ್ಯದ, ವಾಕ್ಯಕ್ಕೆ, ವಾಕ್ಯವನ್ನು ಎನ್ನುವ ಹಾಗೆಯೇ ಲೋಗೊಸ್, ಲೋಗೂ, ಲೋಗೋ, ಲೋಗೊನ್. ಪ್ರತ್ಯಯ ಬದಲಾದರೆ ಅರ್ಥ ಬದಲಾಗುತ್ತದೆ, ಪದ ಎಲ್ಲಿ ನಿಂತರೂ ನಡೆಯುತ್ತದೆ. ಕನ್ನಡಿಗನಿಗೆ ಇದರಲ್ಲಿ ಹೊಸತೇನಿದೆ?

ಎಡವುವುದು ಬೇರೆ ಕಡೆ. ಗ್ರೀಕಿನಲ್ಲಿ ನಾಮಪದದ ಮುಂದೆ ಬರುವ ‘ಹೊ’ ಎಂಬ ಪುಟ್ಟ ಪದ (ಇಂಗ್ಲಿಷಿನ the ಇದ್ದ ಹಾಗೆ) ಕನ್ನಡದಲ್ಲಿಲ್ಲ. ಯೋಹಾನನ ಸುವಾರ್ತೆಯ ಮೊದಲ ವಚನದ ಕೊನೆಯ ಭಾಗ ನೋಡಿ: ‘ಕೈ ಥೆಯೊಸ್ ಏನ್ ಹೊ ಲೋಗೊಸ್’. ಥೆಯೊಸ್ (ದೇವರು), ಲೋಗೊಸ್ (ವಾಕ್ಯ) ಎರಡೂ ಪ್ರಥಮಾ ವಿಭಕ್ತಿಯಲ್ಲೇ ಇವೆ. ಕರ್ತೃ ಯಾವುದು? ಮೊದಲು ಬಂದದ್ದು ಥೆಯೊಸ್ ಎಂದು ಅದನ್ನೇ ಕರ್ತೃ ಮಾಡಿದರೆ ತಪ್ಪು. ‘ಹೊ’ ಲೋಗೊಸ್‌ಗೆ ಅಂಟಿಕೊಂಡಿದೆ, ಆದ್ದರಿಂದ ಲೋಗೊಸ್ ಕರ್ತೃ: ‘ವಾಕ್ಯವು ದೇವರಾಗಿತ್ತು.’ ಕನ್ನಡದ ಕಣ್ಣು ‘ಹೊ’ವನ್ನು ದಾಟಿ ಹೋಗಿಬಿಡುತ್ತದೆ. ಮೊದಲ ಮೂರು ತಿಂಗಳು ಓದುವಾಗ ಪ್ರತಿ ‘ಹೊ’ದ ಕೆಳಗೂ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಕ್ರಿಯಾಪದದ ರೂಪಗಳಿಗೆ ಮಾತ್ರ ಬಾಯಿಪಾಠವೇ ಗತಿ.

ಪದಸಂಪತ್ತಿನ ಲೆಕ್ಕ ಧೈರ್ಯ ಕೊಡುವಂಥದ್ದು. ಹೊಸ ಒಡಂಬಡಿಕೆಯಲ್ಲಿ 50 ಅಥವಾ ಹೆಚ್ಚು ಸಲ ಬರುವ ಪದಗಳು ಸುಮಾರು 300 ಚಿಲ್ಲರೆ. ಪಠ್ಯದ ಹೆಚ್ಚುಕಡಿಮೆ ಶೇ 80 ಅವುಗಳಿಂದಲೇ ಆಗಿದೆ. ದಿನಕ್ಕೆ 10 ಹೊಸ ಪದ, ಹಿಂದಿನ ಐದು ದಿನದ 50 ಪದಗಳ ಪುನರಾವರ್ತನೆ. ಒಂದೂವರೆ ತಿಂಗಳಲ್ಲಿ ದಡ ಸೇರುತ್ತೀರಿ. ಪರೀಕ್ಷೆಯ ಹಿಂದಿನ ವಾರ 300 ಪದ ಒಟ್ಟಿಗೆ ತುಂಬಿಕೊಳ್ಳಲು ಹೋದವರೇ ಫೇಲಾಗುವುದು.

ಹೀಬ್ರೂ 22 ವ್ಯಂಜನಗಳ ಲಿಪಿ, ಬಲದಿಂದ ಎಡಕ್ಕೆ. ಸ್ವರಗಳು ಹೆಚ್ಚಾಗಿ ಅಕ್ಷರದ ಕೆಳಗೆ ಚುಕ್ಕೆ, ಗೀಟುಗಳಾಗಿ ಕೂರುತ್ತವೆ. ಪದಗಳೆಲ್ಲ ಹೆಚ್ಚಾಗಿ ಮೂರು ವ್ಯಂಜನದ ಬೇರಿನಿಂದ ಚಿಗುರುತ್ತವೆ. ಮ-ಲ-ಕ ಎಂಬ ಬೇರಿನಿಂದ ಮೆಲೆಕ್ (ಅರಸ), ಮಲ್ಕಾ (ಅರಸಿ), ಮಲ್ಖುತ್ (ರಾಜ್ಯ). ಉರ್ದು ಕಿವಿಗೆ ಬಿದ್ದವರಿಗೆ ಮಲಿಕ್, ಮಲಿಕಾ ನೆನಪಾಗುತ್ತವೆ, ನೆಂಟಸ್ತಿಕೆ ನಿಜವೇ. ಮುಂದೆ ಎಂ.ಟಿಎಚ್.ನಲ್ಲಿ ಹಳೆ ಒಡಂಬಡಿಕೆ ತೆಗೆದುಕೊಳ್ಳುವವರಿಗೆ ಹೀಬ್ರೂ, ಹೊಸ ಒಡಂಬಡಿಕೆಗೆ ಗ್ರೀಕ್ ಬೇಕು. ಬಿ.ಡಿ.ಯಲ್ಲಿ ಭಾಷೆ ಆರಿಸುವಾಗಲೇ ಇದನ್ನು ಯೋಚಿಸಿ. ‘ಯಾವುದು ಸುಲಭ’ ಎಂದು ಸೀನಿಯರ್‌ಗಳನ್ನು ಕೇಳಿ ಆರಿಸಿದವರು ನಾಲ್ಕು ವರ್ಷದ ಮೇಲೆ ಮತ್ತೆ ಅ ಆ ಇ ಈಯಿಂದ ಶುರು ಮಾಡಬೇಕಾಗುತ್ತದೆ.

ಕಥೋಲಿಕ ಗುರುಮಠ (ಸೆಮಿನರಿ) ಸೇರಿದರೆ ಯಾಜಕನಾಗಲು ಎಷ್ಟು ವರ್ಷ? ನಡುವೆ ಬಿಟ್ಟು ಬಂದರೆ ಕೈಯಲ್ಲಿ ಏನು ಉಳಿಯುತ್ತದೆ? — ಇಬ್ಬರು ಓದುಗರು

ಧರ್ಮಸಭೆಯ ಕಾನೂನು ಸಂಹಿತೆಯ 250ನೇ ವಿಧಿ ತತ್ತ್ವಶಾಸ್ತ್ರಕ್ಕೆ 2 ಪೂರ್ಣ ವರ್ಷ, ದೈವಶಾಸ್ತ್ರಕ್ಕೆ 4 ಪೂರ್ಣ ವರ್ಷ ಎನ್ನುತ್ತದೆ. ಮೊದಲಿಗೆ ಪೂರ್ವಸಿದ್ಧತೆಯ ಅವಧಿ, ನಡುವೆ ಧರ್ಮಕೇಂದ್ರದಲ್ಲೋ ಶಾಲೆಯಲ್ಲೋ ಒಂದು ವರ್ಷದ ಸೇವಾನುಭವ, ಅದರ ಜೊತೆಗೊಂದು ಬಿ.ಎ. ಸೇರಿದರೆ ಪಿಯುಸಿಯಿಂದ ಲೆಕ್ಕ ಹಾಕಿ ಹತ್ತು ವರ್ಷ ಹಿಡಿಯುವುದು ಸಹಜ. ಹೇಗೂ 1031ನೇ ವಿಧಿಯಂತೆ 25 ತುಂಬದೆ ಗುರುದೀಕ್ಷೆ ಇಲ್ಲ. ಧರ್ಮಪ್ರಾಂತ್ಯದ (ಡಯಾಸಿಸ್) ಬದಲು ಸನ್ಯಾಸಿಗಳ ಧಾರ್ಮಿಕ ಸಭೆಯೊಂದಕ್ಕೆ ಸೇರುವವರಿಗೆ ಕನಿಷ್ಠ 12 ತಿಂಗಳ ನವಶಿಷ್ಯತ್ವ ಬೇರೆ.

ಎರಡನೆಯ ಪ್ರಶ್ನೆಯನ್ನು ಕೇಳಲು ಬಹಳ ಜನ ಸಂಕೋಚಪಡುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಬಿಟ್ಟು ಬರುವುದು ಅವಮಾನವಲ್ಲ. ಗುರುಮಠ ಇರುವುದೇ ಈ ಕರೆ ನಿಜವೋ ಅಲ್ಲವೋ ಎಂದು ಶೋಧಿಸಲು. ಆದರೆ ಪೊಂಟಿಫಿಕಲ್ ಬಿ.ಪಿಎಚ್. (ತತ್ತ್ವಶಾಸ್ತ್ರದ ಪದವಿ) ಒಂದನ್ನೇ ಹಿಡಿದು ಬಂದವರು ಅದನ್ನು ಬಿ.ಎ.ಗೆ ಸಮವೆಂದು ಒಪ್ಪಿಸಲು ಅಲೆದಾಡುತ್ತಾರೆ. ಆದ್ದರಿಂದ ಸೇರುವ ಮುಂಚೆಯೇ ದೈವಕರೆಯ ನಿರ್ದೇಶಕರನ್ನು ನೇರವಾಗಿ ಕೇಳಿ: ವಿಶ್ವವಿದ್ಯಾಲಯದ ಪದವಿ ಮಾಡಿಸುತ್ತೀರಾ, ಯಾವಾಗ, ಯಾವ ವಿಶ್ವವಿದ್ಯಾಲಯದ್ದು? ಯಾಜಕರಾಗದ ಶ್ರೀಸಾಮಾನ್ಯರೂ ಧರ್ಮಭಗಿನಿಯರೂ ಬೆಂಗಳೂರಿನ ಧರ್ಮಾರಾಮ್ ವಿದ್ಯಾಕ್ಷೇತ್ರ, ಪುಣೆಯ ಜ್ಞಾನದೀಪದಂಥ ಕಡೆ ದೈವಶಾಸ್ತ್ರ ಓದಬಹುದು.

ನಮ್ಮದು ಅರ್ಚಕರ ಮನೆ. ಮಗನಿಗೆ ಪದವಿಯೂ ಬೇಕು, ಪೂಜೆಯ ವಿದ್ಯೆಯೂ ಬೇಕು. — ಮಂಡ್ಯ

ಇವೆರಡೂ ಬೇರೆ ಬೇರೆ ಹಳಿಗಳು. ಪದವಿಯ ಹಳಿ: ಹತ್ತನೆಯ ತರಗತಿ ಆದ ಮೇಲೆ ಪ್ರಾಕ್‌ಶಾಸ್ತ್ರೀ 2 ವರ್ಷ, ಅದು ಪಿಯುಸಿಗೆ ಸಮ, ಆಮೇಲೆ ಶಾಸ್ತ್ರೀ, ಬಿ.ಎ.ಗೆ ಸಮ, ಆಚಾರ್ಯ, ಎಂ.ಎ.ಗೆ ಸಮ. ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಕ್ಯಾಂಪಸ್ ಶೃಂಗೇರಿಯಲ್ಲೇ ಇದೆ. ಕರ್ನಾಟಕ ಸಂಸ್ಕೃತ ವಿಶ್ವವಿದ್ಯಾಲಯ 2010ರಿಂದ ಬೆಂಗಳೂರಿನಲ್ಲಿದೆ. ಇವು ಕಾಯಿದೆಯಿಂದ ಹುಟ್ಟಿದ ವಿಶ್ವವಿದ್ಯಾಲಯಗಳು, ಹಾಗಾಗಿ ಸಮಾನತೆಯ ತಕರಾರು ಕಡಿಮೆ. ಶಾಸ್ತ್ರೀ ಆದ ಮೇಲೆ 2 ವರ್ಷದ ಶಿಕ್ಷಾಶಾಸ್ತ್ರೀ ಮಾಡಿದರೆ ಅದು ಬಿ.ಎಡ್.ಗೆ ಸಮ, ಸಂಸ್ಕೃತ ಮೇಷ್ಟ್ರ ಕೆಲಸಕ್ಕೆ ಅದೇ ದಾರಿ.

ಪೂಜೆಯ ಹಳಿಯಲ್ಲಿ ಮೊದಲು ನೋಡಬೇಕಾದ್ದು ನಿಮ್ಮ ದೇವಸ್ಥಾನ ಯಾವ ಆಗಮದ್ದು (ಪೂಜಾವಿಧಿಯ ಶಾಸ್ತ್ರದ್ದು) ಎಂಬುದನ್ನು. ಮೇಲುಕೋಟೆ ಪಾಂಚರಾತ್ರ, ತಿರುಮಲ ವೈಖಾನಸ, ಶಿವಾಲಯಗಳಿಗೆ ಶೈವಾಗಮ. ಶಾಸ್ತ್ರೀಯಲ್ಲಿ ವೇದಾಂತ ತೆಗೆದುಕೊಂಡ ಹುಡುಗ ಭಾಷ್ಯ ಚೆನ್ನಾಗಿ ಬಿಡಿಸಬಲ್ಲ, ಆದರೆ ಅಷ್ಟರಿಂದಲೇ ಪ್ರತಿಷ್ಠೆ, ಉತ್ಸವದ ಕ್ರಮ ಬರುವುದಿಲ್ಲ. ಅದಕ್ಕೆ ಆಗಮ ಪಾಠಶಾಲೆಯೇ ಬೇಕು. ಆಗಮದ ಪ್ರವರ, ಪ್ರವೀಣ ಪರೀಕ್ಷೆಗಳನ್ನು ಪದವಿಯ ಜೊತೆಯಲ್ಲೇ ಕಟ್ಟಿಸಿ. ಪದವಿಯಲ್ಲೇ ಆಗಮ ಬೇಕೆಂದರೆ ತಿರುಪತಿಯ ರಾಷ್ಟ್ರೀಯ ಸಂಸ್ಕೃತ ವಿಶ್ವವಿದ್ಯಾಲಯದಲ್ಲಿ ಆಗಮ ವಿಭಾಗವಿದೆ.

ಮಠದ ಸ್ವಾಮಿಗಳಾಗುವ ವಟುಗಳ ಬಗ್ಗೆ ಕೇಳಿದವರಿಗೂ ಇದೇ ಮಾತು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿ ಬಳಿ ಕಟ್ಟಿದ ಶಿವಯೋಗಮಂದಿರದಂಥ ಕಡೆ ಸಿಗುವುದು ಸಂಸ್ಕಾರ ಮತ್ತು ಸಾಧನೆ. ಪದವಿಯನ್ನು ಪಕ್ಕದಲ್ಲಿ ಬೇರೆಯಾಗಿ ಮಾಡಿಕೊಳ್ಳಬೇಕು.

ನನಗೆ ಪೌರೋಹಿತ್ಯ ಬೇಡ, ಧರ್ಮಗಳನ್ನು ಓದಿ ಕಾಲೇಜಿನಲ್ಲಿ ಪಾಠ ಮಾಡಬೇಕು. — ಬಿ.ಎ. ವಿದ್ಯಾರ್ಥಿನಿ

ಹಾಗಾದರೆ ಸೆಮಿನರಿಯ ದಾರಿ ನಿಮ್ಮದಲ್ಲ, ವಿಶ್ವವಿದ್ಯಾಲಯದ ಎಂ.ಎ. ನಿಮ್ಮದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಅಧ್ಯಯನ, ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗಗಳಿವೆ. ಎಂ.ಎ. ಆರಿಸುವ ಮುಂಚೆ ನೆಟ್ (ಕಾಲೇಜು ಅಧ್ಯಾಪಕರ ಅರ್ಹತಾ) ಪರೀಕ್ಷೆಯ ವಿಷಯಪಟ್ಟಿ ತೆಗೆದು ನೋಡಿ, ಪ್ರತಿ ವಿಷಯಕ್ಕೂ ಒಂದು ಸಂಕೇತ ಸಂಖ್ಯೆ ಇದೆ: ಧರ್ಮಗಳ ತೌಲನಿಕ ಅಧ್ಯಯನ 62, ಬೌದ್ಧ-ಜೈನ-ಗಾಂಧಿ-ಶಾಂತಿ ಅಧ್ಯಯನ 60, ಹಿಂದೂ ಅಧ್ಯಯನ 102, ತತ್ತ್ವಶಾಸ್ತ್ರ 3. ಎಂ.ಎ.ಯಲ್ಲಿ ಶೇ 55 ಬೇಕು, ಮೀಸಲಾತಿಯವರಿಗೆ ಶೇ 50. ನೆಟ್ ಪಾಸಾದರೂ ಹುದ್ದೆ ಎಲ್ಲಿದೆ ಎಂಬ ಪ್ರಶ್ನೆ ಉಳಿಯುತ್ತದೆ: ಧರ್ಮ ಅಧ್ಯಯನದ ವಿಭಾಗಗಳು ಬೆರಳೆಣಿಕೆಯಷ್ಟು, ತತ್ತ್ವಶಾಸ್ತ್ರದವು ಹೆಚ್ಚು. ಎಂ.ಎ. ತತ್ತ್ವಶಾಸ್ತ್ರದಲ್ಲಿ ಮಾಡಿ, ಪಿಎಚ್.ಡಿ.ಯನ್ನು ಧರ್ಮದ ವಿಷಯದ ಮೇಲೆ ಮಾಡುವುದು ಜಾಣತನ. ಪಾಲಿ, ಪ್ರಾಕೃತ, ಸಂಸ್ಕೃತ, ಅರಬ್ಬಿ ಇವುಗಳಲ್ಲಿ ಒಂದನ್ನಾದರೂ ಈಗಲೇ ಶುರು ಮಾಡಿ.

ಮಗ ಮದರಸದಲ್ಲಿ ಆಲಿಂ ಕೋರ್ಸು (ಇಸ್ಲಾಮಿ ಧರ್ಮವಿದ್ಯೆ) ಮುಗಿಸಿದ್ದಾನೆ. ಮುಂದೆ ಬಿ.ಎ. ಸೇರಬಹುದೇ? — ಬೀದರ್

ಅಲಿಗಢ, ಜಾಮಿಯಾ ಮಿಲಿಯಾದಂಥ ವಿಶ್ವವಿದ್ಯಾಲಯಗಳು ತಾವು ಒಪ್ಪಿದ ಮದರಸಗಳ ಪಟ್ಟಿ ಇಟ್ಟುಕೊಂಡಿವೆ. ನಿಮ್ಮ ಮಗ ಓದಿದ ಮದರಸದ ಹೆಸರು, ಪಡೆದ ಸನದಿನ (ಪ್ರಮಾಣಪತ್ರದ) ಹೆಸರು ಎರಡೂ ಪಟ್ಟಿಯಲ್ಲಿರುವಂತೆಯೇ ಇದ್ದರೆ ಪ್ರವೇಶಕ್ಕೆ ಅರ್ಜಿ ಹಾಕಬಹುದು. ಅಲಿಗಢದಲ್ಲಿ ಮದರಸ ಪದವೀಧರರಿಗೆಂದೇ ಬ್ರಿಡ್ಜ್ ಕೋರ್ಸ್ ಇದೆ. ಮದರಸದ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಮುಕ್ತ ಶಾಲೆಯಿಂದ ಹನ್ನೆರಡನೆಯ ತರಗತಿ ಕಟ್ಟಿಸುವುದು ನಿಶ್ಚಿತ ದಾರಿ.

ನಾನು ಮಹಿಳೆ, ಆಸ್ಪತ್ರೆಯಲ್ಲಿ ರೋಗಿಗಳ ಆತ್ಮಿಕ ಆರೈಕೆ ಮಾಡುವ ಆಸೆ. ಬಿ.ಡಿ. ಸಾಕೇ?

ಬಿ.ಡಿ. ಬೇಕು, ಜೊತೆಗೆ ಸಿಪಿಇ ಎಂಬ ಕ್ಲಿನಿಕಲ್ ಪಾಸ್ಟೊರಲ್ ಶಿಕ್ಷಣವೂ ಬೇಕು. ವೆಲ್ಲೂರಿನ ಸಿಎಂಸಿ, ಬೆಂಗಳೂರಿನ ಬ್ಯಾಪ್ಟಿಸ್ಟ್ ಆಸ್ಪತ್ರೆಗಳಲ್ಲಿ ಈ ತರಬೇತಿ ಇದೆ. ವಾರ್ಡಿನಲ್ಲಿ ರೋಗಿಯ ಜೊತೆ ಆಡಿದ ಮಾತನ್ನು ಅಕ್ಷರಶಃ ನೆನಪಿನಿಂದ ಬರೆದು, ಮೇಲ್ವಿಚಾರಕರ ಮತ್ತು ಸಹಪಾಠಿಗಳ ಮುಂದೆ ಓದಬೇಕು. ‘ಭಯ ಆಗ್ತಿದೆ’ ಎಂದು ರೋಗಿ ಅಂದ ತಕ್ಷಣ ನೀವು ‘ಪ್ರಾರ್ಥನೆ ಮಾಡೋಣ’ ಅಂದಿರಿ. ಆ ಭಯ ಯಾರದ್ದಾಗಿತ್ತು, ರೋಗಿಯದೋ ನಿಮ್ಮದೋ ಎಂದು ಕೇಳುತ್ತಾರೆ. ಹಲವರು ಅಲ್ಲಿ ಅತ್ತುಬಿಡುತ್ತಾರೆ. ಬಿ.ಡಿ.ಯಲ್ಲಿ ಆಪ್ತಸಮಾಲೋಚನೆ ಓದಿದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕುವಂತಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಅಭಿಷೇಕದ ಬಗ್ಗೆಯೂ ಕೇಳಿದ್ದೀರಿ: ಸಿಎಸ್‌ಐ 1976ರಿಂದ ಮಹಿಳೆಯರಿಗೆ ಅಭಿಷೇಕ ಕೊಡುತ್ತಿದೆ, 2013ರಲ್ಲಿ ನಂದ್ಯಾಲ ಡಯಾಸಿಸ್‌ಗೆ ಮಹಿಳೆಯೇ ಬಿಷಪ್ ಆದರು. ಕಥೋಲಿಕ ಸಭೆಯಲ್ಲಿ ಅಭಿಷೇಕ ಪುರುಷರಿಗೆ ಮಾತ್ರ.

45 ವರ್ಷ, ಬ್ಯಾಂಕ್ ನೌಕರಿ. ಮನೆಯಿಂದಲೇ ಓದಬಹುದೇ?

ಓದಬಹುದು. ಸೆರಾಂಪುರ ಸೆನೆಟ್‌ನ ಬಿ.ಸಿ.ಎಸ್., ಅಂದರೆ ಕ್ರೈಸ್ತ ಅಧ್ಯಯನದ ಬ್ಯಾಚಲರ್, ನಿಮ್ಮಂಥವರಿಗಾಗಿಯೇ ಇರುವ ಬಾಹ್ಯ ಕೋರ್ಸು. ನಿಮ್ಮ ಅರಿವಿಗೆ, ಭಾನುವಾರ ಶಾಲೆ ನಡೆಸುವುದಕ್ಕೆ ಅದು ಚೆನ್ನ. ಅಭಿಷೇಕದ ಆಸೆ ಇಟ್ಟುಕೊಂಡು ಸೇರಬೇಡಿ. ಅದಕ್ಕೆ ಹಾಸ್ಟೆಲಿನಲ್ಲಿದ್ದು ಓದುವ ಬಿ.ಡಿ.ಯನ್ನೇ ಕೇಳುತ್ತಾರೆ, ನಿಮ್ಮ ಡಯಾಸಿಸ್‌ನ ವಯೋಮಿತಿ ಎಷ್ಟೆಂದು ಬರಹದಲ್ಲಿ ಕೇಳಿಕೊಳ್ಳಿ.

ಸೈನ್ಯದಲ್ಲಿ ಧರ್ಮಗುರುಗಳ ಕೆಲಸ ಇದೆಯಂತೆ, ನಿಜವೇ?

ನಿಜ. ಭೂಸೇನೆಯಲ್ಲಿ ‘ರಿಲಿಜಿಯಸ್ ಟೀಚರ್’ ಎಂಬ ಹುದ್ದೆ, ನಾಯಬ್ ಸುಬೇದಾರ್ ದರ್ಜೆ. ಯಾವುದೇ ವಿಷಯದಲ್ಲಿ ಪದವಿ ಇರಲೇಬೇಕು. ಅದರ ಮೇಲೆ ಪಂಡಿತರಿಗೆ ಆಚಾರ್ಯ, ಅಥವಾ ಶಾಸ್ತ್ರೀ ಜೊತೆ ಕರ್ಮಕಾಂಡದಲ್ಲಿ ಒಂದು ವರ್ಷದ ಡಿಪ್ಲೊಮಾ. ಮೌಲ್ವಿಗಳಿಗೆ ಅರಬ್ಬಿಯ ಆಲಿಂ ಅಥವಾ ಉರ್ದುವಿನ ಅದೀಬ್ ಆಲಿಂ. ಪಾದ್ರಿಗಳಿಗೆ ಅಭಿಷೇಕ ಆಗಿದ್ದು, ಸ್ಥಳೀಯ ಬಿಷಪ್ಪರ ಅಂಗೀಕೃತ ಪಟ್ಟಿಯಲ್ಲಿ ಹೆಸರಿರಬೇಕು. ಮೊದಲ ಪ್ರಶ್ನೆಯ ತಾಯಿಗೆ ಬಿ.ಎ. ಎಂದು ಒತ್ತಿ ಹೇಳಿದ್ದಕ್ಕೆ ಪದವಿಯ ಈ ಷರತ್ತೂ ಒಂದು ಕಾರಣ. 1.6 ಕಿ.ಮೀ. ದೂರವನ್ನು 8 ನಿಮಿಷದಲ್ಲಿ ಓಡುವ ಪರೀಕ್ಷೆಯೂ ಇದೆ. ಶಾಸ್ತ್ರದಲ್ಲಿ ಗಟ್ಟಿಗರಾದ ಎಷ್ಟೋ ಮಂದಿ ಸೋಲುವುದು ಅಲ್ಲೇ. ಅಧಿಸೂಚನೆ ಬರುವ ಆರು ತಿಂಗಳ ಮುಂಚೆಯೇ ಬೆಳಗಿನ ಓಟ ಶುರು ಮಾಡಿ.